ಷಾಟರಿಯ ಬೇಸಾಯಗಾರನ ಮರಣಶಾಸನ

1581ನೆಯ ಇಸವಿಯ ಸೆಪ್ಟೆಂಬರ್ 1ರಂದು, ಇಂಗ್ಲೆಂಡಿನ ವಾರಿಕ್‌ಷೈರ್ ಪ್ರಾಂತದಲ್ಲಿ ಸ್ಟ್ರ್ಯಾಟ್‌ಫರ್ಡ್ ಪಟ್ಟಣಕ್ಕೆ ಸಮೀಪವಾದ ಷಾಟರಿ ಎಂಬ ಹಳ್ಳಿಯಲ್ಲಿ, ರಿಚರ್ಡ್ ಹ್ಯಾಥವೇ ಎಂಬ ಬೇಸಾಯಗಾರನು, ತನ್ನ ದೇಹವು ರೋಗಗ್ರಸ್ತವಾಗಿದ್ದರೂ ನೆನಪು ಸ್ವಸ್ಥವಾಗಿದೆಯೆಂದು ಮೊದಲು ಹೇಳಿಕೊಂಡು, ತಾನು ಸತ್ತ ಮೇಲೆ ತನ್ನ ಹೊಲ, ಹಣ, ಮಂಚ, ಕುರಿಗಳು ಯಾರು ಯಾರಿಗೆ ಯಾವ ಯಾವ ಕಾಲದಲ್ಲಿ ಸಲ್ಲತಕ್ಕದ್ದೆಂಬುದನ್ನು ಬರೆಯಿಸಿದನು. ಅದೇ ತಿಂಗಳ 7ರಂದು ಅವನನ್ನು ಮಣ್ಣು ಮಾಡಿದರು. ಮರುವರ್ಷ ಅವನ ಮಗಳೊಬ್ಬಳನ್ನು ವಿಲಿಯಂ ಷೇಕ್ಸ್‌ಪಿಯರನು ಮದುವೆಯಾದುದರಿಂದ ಈ ಕಾಗದವು ವಿದ್ವಾಂಸರ ದೃಷ್ಟಿಗೆ ಬಿದ್ದು, ಮುದ್ರಿತವಾಗಿ, ಕವಿಯ ಜೀವನಚರಿತ್ರೆಗಳಲ್ಲಿ ಒಂದು ಪುಟ್ಟ ಸ್ಥಾನವನ್ನು ಪಡೆದಿದೆ. ಆದರೆ ಅಳಿಯನ ಕೀರ್ತಿಯನ್ನು ಒಂದು ಗಳಿಗೆ ಬದಿಗಿರಿಸಿ, ಮಾವನ ಮಾತನ್ನು ಅವನ ಮಾತೆಂದೇ ಓದಿದರೆ, ಆ ಕಾಲದ ಒಕ್ಕಲುಮನೆಯ ಆಂತರ್ಯವೇ ನಮಗೆ ತೆರೆದುಕೊಳ್ಳುತ್ತದೆ.

ಎಲಿಜಬೆತ್ ರಾಣಿಯ ಆಳ್ವಿಕೆ (1558–1603) ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಸ್ಪೇನಿನ ನೌಕಾಪಡೆಯ ಪರಾಭವ, ದೂರದ ಸಮುದ್ರಯಾನಗಳು, ಲಂಡನ್ನಿನ ನಾಟಕಶಾಲೆಗಳು. ಆ ರಾಜ್ಯದ ಜನರಲ್ಲಿ ಬಹುಭಾಗವಾದರೋ ಹಳ್ಳಿಗಳಲ್ಲಿದ್ದು, ಉತ್ತು ಬಿತ್ತಿ, ಕುರಿ ಹಸು ಸಾಕಿ ಜೀವಿಸುತ್ತಿದ್ದವರು. ಗ್ರಂಥಗಳನ್ನು ಬರೆದವರಲ್ಲ, ದಿನಚರಿಗಳನ್ನು ಇಟ್ಟವರಲ್ಲ. ಅನೇಕರು ತಮ್ಮ ಹೆಸರನ್ನೇ ಬರೆಯಲಾರದೆ ಕಾಗದದ ಕೆಳಗೆ ಒಂದು ಶಿಲುಬೆಯ ಗುರುತನ್ನು ಹಾಕಿದವರು. ಅಂಥವರು ತಮ್ಮ ಬಾಯಿಂದಲೇ ಆಡಿದ ಮಾತು ನಮ್ಮವರೆಗೆ ಬಂದು ಮುಟ್ಟಿರುವುದು ಬಹುಮಟ್ಟಿಗೆ ಈ ಮರಣಶಾಸನಗಳ ಮೂಲಕವೇ. ಇಂಗ್ಲೆಂಡಿನ ಪ್ರಾಂತಗಳ ದಫ್ತರಖಾನೆಗಳಲ್ಲಿ ಇವು ಸಹಸ್ರ ಸಹಸ್ರ ಸಂಖ್ಯೆಯಲ್ಲಿ ಉಳಿದುಕೊಂಡಿವೆ. ಹೊರನೋಟಕ್ಕೆ ಇವು ಶುಷ್ಕವಾದ ಪಟ್ಟಿಗಳು. ಇಂಥವನಿಗೆ ಒಂದು ಕುರಿ, ಇಂಥವಳಿಗೆ ಒಂದು ಹಿತ್ತಾಳೆಯ ಪಾತ್ರೆ. ತಾಳ್ಮೆಯಿಂದ ಓದುವವನಿಗೆ ಮಾತ್ರ, ಒಂದೇ ಒಕ್ಕಲನ್ನು ಒಡೆಯದೆ ಉಳಿಸಬೇಕು, ಆದರೂ ಎಲ್ಲ ಮಕ್ಕಳಿಗೂ ಒಬ್ಬ ವಿಧವೆಗೂ ಅನ್ನದ ದಾರಿ ಕಾಣಿಸಬೇಕು ಎಂಬ ಕಠಿನವಾದ ಲೆಕ್ಕವನ್ನು ಸಾವಿನ ಹಾಸಿಗೆಯಲ್ಲಿ ಮಲಗಿ ಬಿಡಿಸುತ್ತಿರುವ ಮನುಷ್ಯನು ಪ್ರತಿಯೊಂದು ಸಾಲಿನ ಹಿಂದೆಯೂ ಕಾಣುತ್ತಾನೆ.

ಈ ಲೆಕ್ಕವು ಅರ್ಥವಾಗಬೇಕಾದರೆ ಆಗಿನ ಭೂಮಿಯ ನ್ಯಾಯವನ್ನು ಸ್ವಲ್ಪ ತಿಳಿಯಬೇಕು. ನಮ್ಮ ಹಿಂದಿನ ಮಿತಾಕ್ಷರ ಪದ್ಧತಿಯಲ್ಲಿ ಪಿತ್ರಾರ್ಜಿತದ ಮೇಲೆ ಮಗನಿಗೆ ಹುಟ್ಟಿನಿಂದಲೇ ಹಕ್ಕಿತ್ತು. ಅಣ್ಣತಮ್ಮಂದಿರು ಪಾಲುಪಟ್ಟಿ ಮಾಡಿಕೊಳ್ಳುವುದು ಸಹಜವಾದ ಕ್ರಮವಾಗಿತ್ತು. ಇಂಗ್ಲೆಂಡಿನ ಸಾಮಾನ್ಯ ನ್ಯಾಯದಲ್ಲಾದರೋ ಸ್ವಂತ ಭೂಮಿಯೆಲ್ಲವೂ ಜ್ಯೇಷ್ಠಪುತ್ರನೊಬ್ಬನಿಗೇ ಇಳಿಯತಕ್ಕದ್ದು. ಅದನ್ನು ಮರಣಶಾಸನದ ಮೂಲಕ ನೇರವಾಗಿ ಬೇರೊಬ್ಬರಿಗೆ ಬಿಟ್ಟುಕೊಡಲು ಬಹುಕಾಲ ಅವಕಾಶವೇ ಇರಲಿಲ್ಲ. ಜನರು ಬದುಕಿರುವಾಗಲೇ ನಂಬಿಕೆಯ ಸ್ನೇಹಿತರ ಹೆಸರಿಗೆ ಭೂಮಿಯನ್ನು ಬರೆದು, ಅದರ ಫಲವನ್ನು ತಾವು ಹೇಳಿದವರಿಗೆ ಸಲ್ಲಿಸುವಂತೆ ಕೇಳಿಕೊಂಡು ಈ ಕಟ್ಟನ್ನು ತಪ್ಪಿಸಿಕೊಳ್ಳುತ್ತಿದ್ದರು. ಎಂಟನೆಯ ಹೆನ್ರಿಯ ಸರಕಾರವು 1536ರಲ್ಲಿ ಒಂದು ಕಾಯಿದೆಯಿಂದ ಆ ದಾರಿಯನ್ನು ಮುಚ್ಚಲೆತ್ನಿಸಿತು. ಭೂಮಿಯುಳ್ಳವರಲ್ಲಿ ಎದ್ದ ಅಸಮಾಧಾನವು ಅದೇ ವರ್ಷ ಉತ್ತರದೇಶದಲ್ಲಿ ನಡೆದ ದಂಗೆಯ ಬೇಡಿಕೆಗಳಲ್ಲಿಯೂ ಕಾಣಿಸಿಕೊಂಡಿತು. ಕೊನೆಗೆ 1540ರಲ್ಲಿ ಮರಣಶಾಸನಗಳ ಕಾಯಿದೆಯು ಬಂದು, ಸಾಧಾರಣ ಹಿಡುವಳಿಯ ಸ್ವಂತ ಭೂಮಿಯನ್ನೆಲ್ಲ, ಯೋಧಸೇವೆಯ ಕರಾರಿನ ಮೇಲೆ ಹಿಡಿದ ಭೂಮಿಯಾದರೆ ಅದರ ಮೂರರಲ್ಲಿ ಎರಡು ಪಾಲನ್ನು, ಒಡೆಯನು ತನ್ನ ಇಚ್ಛೆಯಂತೆ ಬರೆದಿಡಬಹುದೆಂದು ವಿಧಿಸಿತು. ಬರೆದೇ ಇಡಬೇಕೆಂಬುದು ಅದರ ಕಟ್ಟಳೆ. ದನಕರು, ಪಾತ್ರೆಪಡಗಗಳನ್ನು ಸಾಕ್ಷಿಗಳ ಮುಂದೆ ಬಾಯಿಮಾತಿನಲ್ಲಿಯೂ ಕೊಡಬಹುದಾಗಿತ್ತು. ಭೂಮಿಗೆ ಮಾತ್ರ ಬಾಯಿಮಾತು ಸಲ್ಲದು.

ಆದರೆ ಹಳ್ಳಿಯ ಬೇಸಾಯಗಾರರಲ್ಲಿ ಬಹುಮಂದಿಯ ಭೂಮಿ ಪೂರ್ಣವಾಗಿ ಅವರ ಸ್ವಂತವಾಗಿರಲಿಲ್ಲ. ಮೇನರ್ ಎಂದು ಕರೆಯಲ್ಪಡುತ್ತಿದ್ದ ಜಹಗೀರಿನ ಒಡೆಯನಿಗೆ ಅದು ಸೇರಿದ್ದು. ಒಕ್ಕಲು ಅದನ್ನು ಆ ಸ್ಥಳದ ರೂಢಿಗೆ ಅನುಸಾರವಾಗಿ ಅನುಭವಿಸುತ್ತಿದ್ದನು. ಜಹಗೀರಿನ ನ್ಯಾಯಕಟ್ಟೆಯ ದಾಖಲೆಯಲ್ಲಿ ಅವನ ಹೆಸರು ಬರೆದಿರುತ್ತಿತ್ತು. ಆ ದಾಖಲೆಯ ಒಂದು ನಕಲೇ ಅವನ ಕೈಯಲ್ಲಿದ್ದ ಹಕ್ಕುಪತ್ರ. ಅದರಿಂದಲೇ ಕಾಪಿಹೋಲ್ಡ್ ಎಂಬ ಹೆಸರು. ಹಿಡುವಳಿಯು ತಂದೆಯಿಂದ ಮಗನಿಗೆ ಹೋಗಬೇಕಾದರೆ ಹೊಸಬನು ನಜರಾಣೆ ಸಲ್ಲಿಸಬೇಕು. ಅನೇಕ ಕಡೆಗಳಲ್ಲಿ ಸತ್ತವನ ಕೊಟ್ಟಿಗೆಯ ಅತ್ಯುತ್ತಮವಾದ ಪಶುವೂ ಒಡೆಯನ ಪಾಲಾಗುತ್ತಿತ್ತು. ಮನೆಯ ಯಜಮಾನನು ತೀರಿಕೊಂಡ ವಾರದಲ್ಲಿಯೇ ನೇಗಿಲಿನ ಒಳ್ಳೆಯ ಎತ್ತೂ ಹೋಗುವುದೆಂದರೆ ಏನೆಂಬುದನ್ನು ಬೇಸಾಯದ ಮನೆಯಲ್ಲಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ. ಇಂಥ ಹಿಡುವಳಿಯಲ್ಲಿ ವಿಧವೆಯ ಹಕ್ಕು, ಮಗನ ಹಕ್ಕು ಎಲ್ಲವೂ ರೂಢಿಯ ಅಧೀನ. ಮರಣಶಾಸನವು ಆ ರೂಢಿ ಬಿಟ್ಟುಕೊಟ್ಟ ಎಡೆಯಲ್ಲಿ ಮಾತ್ರ ಕೈಯಾಡಿಸಬಹುದು. ವರ್ಷಗಳ ಗುತ್ತಿಗೆಯ ಮೇಲೆ ಹಿಡಿದ ಭೂಮಿಯನ್ನಾದರೋ ನ್ಯಾಯವು ಚರಸ್ವತ್ತೆಂದೇ ಎಣಿಸುತ್ತಿದ್ದುದರಿಂದ, ಅದು ದನಕರುಗಳ ಜೊತೆಗೆ ಯಾರಿಗೆ ಬೇಕಾದರೂ ಸಲ್ಲಬಹುದಾಗಿತ್ತು. ಹೊಲದಲ್ಲಿ ನಿಂತ ಪೈರು ಸಹ ಚರಸ್ವತ್ತೇ.

ಹ್ಯಾಥವೇ ಕುಟುಂಬದ ಒಕ್ಕಲು ಇಂಥ ಕಾಪಿಹೋಲ್ಡ್ ಹಿಡುವಳಿ. ರಿಚರ್ಡನ ಶಾಸನದಲ್ಲಿ ಏಳು ಮಕ್ಕಳ ಹೆಸರುಗಳು ಬರುತ್ತವೆ: ಬಾರ್ತೊಲೊಮ್ಯು, ಥಾಮಸ್, ಜಾನ್, ವಿಲಿಯಂ ಎಂಬ ನಾಲ್ವರು ಗಂಡುಮಕ್ಕಳು, ಆಗ್ನೆಸ್, ಕ್ಯಾಥರಿನ್, ಮಾರ್ಗರೆಟ್ ಎಂಬ ಮೂವರು ಹೆಣ್ಣುಮಕ್ಕಳು. ಆಗ್ನೆಸಳೇ ಮುಂದೆ ಆನ್ ಷೇಕ್ಸ್‌ಪಿಯರ್ ಆದವಳು. ಆಗ್ನೆಸಳಿಗೂ ಕ್ಯಾಥರಿನಳಿಗೂ ಮದುವೆಯ ದಿನ ತಲಾ 6 ಪೌಂಡು 13 ಷಿಲಿಂಗು 4 ಪೆನ್ನಿ. ಮಾರ್ಗರೆಟಳಿಗೆ ಹದಿನೇಳು ತುಂಬಿದಾಗ ಅಷ್ಟೇ ಹಣ. ಥಾಮಸ್, ಜಾನ್ ಇಬ್ಬರಿಗೂ ಇಪ್ಪತ್ತು ತುಂಬಿದಾಗ ಅಷ್ಟೇ. ವಿಲಿಯಮನಿಗೆ ಇಪ್ಪತ್ತನೆಯ ವಯಸ್ಸಿನಲ್ಲಿ 10 ಪೌಂಡು. ಈ ವಿಚಿತ್ರವಾದ ಮೊತ್ತವು ಆ ಕಾಲದವರಿಗೆ ವಿಚಿತ್ರವಾಗಿರಲಿಲ್ಲ. 13 ಷಿಲಿಂಗು 4 ಪೆನ್ನಿಗೆ ಒಂದು ಮಾರ್ಕ್ ಎಂದು ಎಣಿಸುವ ಹಳೆಯ ಲೆಕ್ಕವೊಂದಿತ್ತು. ಅದರಂತೆ ಇದು ಸರಿಯಾಗಿ ಹತ್ತು ಮಾರ್ಕು. ದಿನಗೂಲಿಯು ಆರೆಂಟು ಪೆನ್ನಿಗಳಿದ್ದ ಕಾಲದಲ್ಲಿ ಇದು ಕೂಲಿಯಾಳೊಬ್ಬನ ಇನ್ನೂರು ದಿನಗಳ ದುಡಿಮೆಗೆ ಕಡಮೆಯಾಗದ ಹಣ. ಮಕ್ಕಳಲ್ಲಿ ಯಾರಾದರೂ ತಮ್ಮ ಪಾಲು ಕೈಸೇರುವ ಮುನ್ನವೇ ತೀರಿಕೊಂಡರೆ ಆ ಪಾಲು ಉಳಿದವರಿಗೆ ಸಮನಾಗಿ ಹಂಚಿಹೋಗತಕ್ಕದ್ದೆಂದೂ ತಂದೆಯು ಸೇರಿಸಿದ್ದಾನೆ. ಮಕ್ಕಳು ಬೆಳೆಯುವ ಮುನ್ನವೇ ಕಣ್ಣುಮುಚ್ಚುವುದು ಸಾಮಾನ್ಯವಾಗಿದ್ದ ಕಾಲದಲ್ಲಿ ಈ ವಾಕ್ಯವು ಅಗತ್ಯವೇ ಆಗಿದ್ದಿತು.

ಹಿರಿಯ ಮಗ ಬಾರ್ತೊಲೊಮ್ಯುವಿನ ವಿಷಯದಲ್ಲಿ ಈ ಪತ್ರವು ನಿಜವಾಗಿ ಮಾತನಾಡತೊಡಗುತ್ತದೆ. ರಿಚರ್ಡನ ಹೆಂಡತಿ ಜೋನ್ ವಿಧವೆಯಾಗಿರುವಷ್ಟು ಕಾಲ, ಅರ್ಧ ಯಾರ್ಡ್‌ಲ್ಯಾಂಡ್ ಭೂಮಿಯನ್ನು ಅದಕ್ಕೆ ಸೇರಿದ ಹುಲ್ಲುಗಾವಲು ಮೇವುಗಳೊಡನೆ ಉಳಿದ ಹೊಲದಿಂದ ಪ್ರತ್ಯೇಕಿಸಿ ಅವನು ತನಗಾಗಿ ಅನುಭವಿಸಬೇಕು. ಒಂದು ಯಾರ್ಡ್‌ಲ್ಯಾಂಡ್ ಎಂಬುದು ಸ್ಥಳದಿಂದ ಸ್ಥಳಕ್ಕೆ ವ್ಯತ್ಯಾಸವಾಗುತ್ತಿದ್ದ ಅಳತೆ. ಸಾಮಾನ್ಯವಾಗಿ ಮೂವತ್ತು ಎಕರೆಯ ಆಸುಪಾಸು. ಅದೂ ಒಂದೇ ಕಡೆ ಇರತಕ್ಕದ್ದಲ್ಲ. ಊರ ಬಯಲಿನಲ್ಲಿ ನೆರೆಯವರ ಪಟ್ಟೆಗಳ ನಡುವೆ ಉದ್ದುದ್ದವಾದ ಕಿರಿಯ ಪಟ್ಟೆಗಳಾಗಿ ಚೆದುರಿ, ಜೊತೆಗೆ ಗೋಮಾಳದಲ್ಲಿ ಇಷ್ಟು ದನ ಇಷ್ಟು ಕುರಿ ಮೇಯಿಸುವ ಹಕ್ಕನ್ನು ಹೊತ್ತು ಬರುತ್ತಿದ್ದ ಹಿಡುವಳಿ ಅದು. ಇದಕ್ಕೆ ಪ್ರತಿಯಾಗಿ ಮಗನು ಜೋನಳ ಬೇಸಾಯಕ್ಕೆ ಮಾರ್ಗದರ್ಶಕನಾಗಿರಬೇಕು. ತಮ್ಮಂದಿರಿಗೂ ತಂಗಿಯರಿಗೂ ತನ್ನ ಶಕ್ತಿಯಿದ್ದಷ್ಟು ಆಸರೆಯಾಗಿರಬೇಕು. ಜೋನಳಿಗೆ ಈ ಏರ್ಪಾಟು ಒಪ್ಪಿಗೆಯಾಗದೆ, ಆ ಭೂಮಿಯನ್ನು ಅವನಿಗೆ ಬಿಟ್ಟುಕೊಡಲು ಮನಸ್ಸಿಲ್ಲದೆ ಹೋದರೆ, ಅವಳು ಅವನಿಗೆ 40 ಪೌಂಡು ಕೊಡತಕ್ಕದ್ದು.

ಈ ನಲವತ್ತು ಪೌಂಡಿನ ಸಂಖ್ಯೆಯ ಮೇಲೆ ಕ್ಷಣಕಾಲ ನಿಲ್ಲುವುದು ಉಚಿತ. ಉಳಿದ ಆರು ಮಕ್ಕಳಿಗೆ ಹೇಳಿದ ಹಣವನ್ನೆಲ್ಲ ಕೂಡಿದರೆ 43 ಪೌಂಡು 6 ಷಿಲಿಂಗು 8 ಪೆನ್ನಿ ಆಗುತ್ತದೆ. ಎಂದರೆ, ಆರು ಜನರ ಭಾಗ್ಯವೆಲ್ಲ ಸೇರಿ ಎಷ್ಟೋ, ಅರ್ಧ ಯಾರ್ಡ್‌ಲ್ಯಾಂಡಿನ ಅನುಭೋಗವೊಂದೇ ಹೆಚ್ಚುಕಡಮೆ ಅಷ್ಟು ಬೆಲೆಯುಳ್ಳದ್ದೆಂದು ಸಾಯುತ್ತಿದ್ದ ರೈತನು ತೂಗಿ ನೋಡಿದ್ದನು. ಇದರಲ್ಲಿ ಹಿರಿಯನ ಮೇಲಿನ ಪಕ್ಷಪಾತವನ್ನು ಕಾಣುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ಭೂಮಿಯು ಒಡೆಯದೆ ನಿಂತರೆ ತಾನೆ ಅದರಿಂದ ಹಣ ಹುಟ್ಟಿ, ವರ್ಷ ವರ್ಷಕ್ಕೆ ಒಬ್ಬೊಬ್ಬರಂತೆ ತಂಗಿಯರ ಮದುವೆಗೂ ತಮ್ಮಂದಿರ ಪ್ರಾಪ್ತವಯಸ್ಸಿಗೂ ಒದಗುವುದು? ಎಲ್ಲರಿಗೂ ಒಂದೇ ದಿನ ಕೊಡೆಂದು ಅವನು ಹೇಳಲಿಲ್ಲ. ಹೊಲವು ತಾಳಿಕೊಳ್ಳಬಲ್ಲಂತೆ ಗಡುವುಗಳನ್ನು ಹರಡಿದ್ದಾನೆ. ಹೊಲ ಪಡೆದವನು ಹೊರೆಯನ್ನೂ ಹೊರಬೇಕು ಎಂಬುದು ಅವನ ನ್ಯಾಯ. ಅಷ್ಟಾದರೂ ಹೆಂಡತಿಯೂ ಹಿರಿಯ ಮಗನೂ ಒಂದೇ ಒಲೆಯ ಬಳಿ ಬಾಳಲಾರದೆ ಹೋಗಬಹುದೆಂಬ ಭಯ ಅವನಿಗಿದ್ದಿತು. ಆ ಜಗಳಕ್ಕೂ ಒಂದು ಬೆಲೆಯನ್ನು ಮುಂಚಿತವಾಗಿಯೇ ಗೊತ್ತುಮಾಡಿ ಹೋದನು.

ಎಲ್ಲ ಪ್ರಾಂತಗಳಲ್ಲಿಯೂ ರೀತಿ ಒಂದೇ ಆಗಿರಲಿಲ್ಲ. ಕೆಂಟ್ ಪ್ರಾಂತದಲ್ಲಿ ಗ್ಯಾವಲ್‌ಕೈಂಡ್ ಎಂಬ ಪುರಾತನ ರೂಢಿಯಿದ್ದು, ಶಾಸನ ಬರೆಯದೆ ಸತ್ತವನ ಭೂಮಿಯು ಗಂಡುಮಕ್ಕಳಲ್ಲಿ ಸಮನಾಗಿ ಪಾಲಾಗುತ್ತಿತ್ತು. ಕೆಲವು ಜಹಗೀರುಗಳಲ್ಲಿ ಹಿಡುವಳಿಯು ಕಿರಿಯ ಮಗನಿಗೆ ಇಳಿಯುತ್ತಿತ್ತು. ಕೇಂಬ್ರಿಜ್ ಪ್ರಾಂತದ ಮೂರು ಹಳ್ಳಿಗಳ ಶಾಸನಗಳನ್ನು ಒಂದೊಂದಾಗಿ ಶೋಧಿಸಿ 1974ರಲ್ಲಿ ಗ್ರಂಥವನ್ನು ಪ್ರಕಟಿಸಿದ ಮಾರ್ಗರೆಟ್ ಸ್ಪಫರ್ಡ್ ಎಂಬ ವಿದುಷಿಯು ಈ ಏರ್ಪಾಟುಗಳ ಕಹಿಯಾದ ಮುಖವನ್ನೂ ತೋರಿಸಿಕೊಟ್ಟಿದ್ದಾರೆ. ಕಿರಿಯರಿಗೆ ಹಣವನ್ನೋ ತುಂಡುಭೂಮಿಯನ್ನೋ ಕೊಡಬೇಕೆಂಬ ತಂದೆಯ ಸದುದ್ದೇಶವೇ ಹಿರಿಯನ ಕೊರಳಿಗೆ ಸಾಲವಾಗಿ ಸುತ್ತಿಕೊಂಡು, ಮಳೆ ಹೆಚ್ಚಾಗಿ ಬೆಳೆ ಕೆಟ್ಟ 1590ರ ದಶಕದಂಥ ಕಾಲದಲ್ಲಿ ಮಧ್ಯಮ ಹಿಡುವಳಿಯ ರೈತನು ತನ್ನ ಹೊಲವನ್ನೇ ದೊಡ್ಡ ಒಕ್ಕಲಿಗೆ ಮಾರಿ ಕೂಲಿಗೆ ಇಳಿಯಬೇಕಾಗಿ ಬಂದುದುಂಟು. ಜೌಗುಪ್ರದೇಶದ ವಿಲಿಂಗಮ್ ಎಂಬ ಹಳ್ಳಿಯಲ್ಲಿ ಮಾತ್ರ, ಜೌಗಿನ ಹುಲ್ಲು, ಮೀನು, ಜೊಂಡುಗಳು ಎಲ್ಲರ ಪಾಲಿಗೂ ಇದ್ದುದರಿಂದ, ಸಣ್ಣ ಹಿಡುವಳಿಯವನೂ ಹಸುಗಳನ್ನು ಸಾಕಿ ನೆಲೆ ನಿಲ್ಲಬಹುದಾಗಿದ್ದಿತು. ರಾಣಿಯ ಕಾಲದಲ್ಲಿ ದೇಶದ ಜನಸಂಖ್ಯೆಯು ಸುಮಾರು ಮೂವತ್ತು ಲಕ್ಷದಿಂದ ನಲವತ್ತು ಲಕ್ಷಕ್ಕೆ ಏರಿತು, ಭೂಮಿಯು ಏರಲಿಲ್ಲ. ಧಾನ್ಯದ ಬೆಲೆ ಏರುತ್ತಲೇ ಇದ್ದುದರಿಂದ, ತಂದೆಯು ಗೊತ್ತುಮಾಡಿದ ಹತ್ತು ಮಾರ್ಕು ಮಗನಿಗೆ ಇಪ್ಪತ್ತು ತುಂಬುವ ವೇಳೆಗೆ ತನ್ನ ಸತ್ತ್ವವನ್ನು ಸ್ವಲ್ಪ ಕಳೆದುಕೊಂಡಿರುತ್ತಿತ್ತು.

ಇನ್ನು ಒಡವೆ ವಸ್ತುಗಳ ಮಾತು. ಈ ಶಾಸನಗಳಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆಯುವ ಭಾಗ ಇದೇ. ರೈತನು ತನ್ನ ಸಾಮಾನುಗಳನ್ನು ಸಗಟಾಗಿ ಕೊಡುವುದಿಲ್ಲ. ಒಂದೊಂದನ್ನೂ ಕಣ್ಣಿನ ಮುಂದೆ ತಂದುಕೊಂಡು ಕೊಡುತ್ತಾನೆ. ಒಬ್ಬ ಮಗಳಿಗೆ ಒಂದು ಕಡಸು, ಇನ್ನೊಬ್ಬಳಿಗೆ ದೊಡ್ಡ ಹಿತ್ತಾಳೆ ಪಾತ್ರೆ ಮತ್ತು ಒಂದು ಜೊತೆ ದುಪ್ಪಟಿ, ತಮ್ಮನಿಗೆ ತನ್ನ ಒಳ್ಳೆಯ ಮೇಲಂಗಿ, ಆಳಿಗೆ ಹಳೆಯ ಅಂಗಿ, ಮೊಮ್ಮಗುವಿಗೆ ಒಂದು ಕುರಿ ಅಥವಾ ಒಂದು ಬುಟ್ಟಿ ಜೇನು, ಬಡ ನೆರೆಯವಳಿಗೆ ಒಂದು ಬುಷೆಲ್ ಬಾರ್ಲಿ; ಹೀಗೆ ಸಾಗುತ್ತದೆ. ಹಸುಗಳನ್ನು ಬಣ್ಣದಿಂದಲೋ ಹೆಸರಿನಿಂದಲೋ ಗುರುತಿಸಿ ಹೇಳುವವರೂ ಉಂಟು. ಕಬ್ಬಿಣದ ಕೊಪ್ಪರಿಗೆ, ಮಾಂಸ ಸುಡುವ ಸಲಾಕೆ, ಹಿಟ್ಟಿನ ಪೆಟ್ಟಿಗೆ, ಮೇಣದಬತ್ತಿಯ ಕಂಬ, ಯಾವುದೂ ಅತ್ಯಲ್ಪವಲ್ಲ. ಏಕೆಂದರೆ ಕೈಯಿಂದ ಮಾಡಿದ ಆ ವಸ್ತುಗಳು ದುಬಾರಿಯಾಗಿದ್ದು, ಒಂದು ಪಾತ್ರೆಯು ಎರಡು ಮೂರು ತಲೆಮಾರು ಬಾಳಬೇಕಾಗಿದ್ದಿತು.

ರಾಣಿಯ ಕಾಲದಲ್ಲಿಯೇ ಈ ಗೃಹೋಪಕರಣಗಳಲ್ಲಿ ಒಂದು ದೊಡ್ಡ ಪರಿವರ್ತನೆ ನಡೆಯುತ್ತಿದ್ದಿತು. ಎಸೆಕ್ಸ್ ಪ್ರಾಂತದ ರ‍್ಯಾಡ್ವಿಂಟರ್ ಎಂಬ ಹಳ್ಳಿಯ ಪಾದ್ರಿಯಾಗಿದ್ದ ವಿಲಿಯಂ ಹ್ಯಾರಿಸನ್, 1577ರಲ್ಲಿ ಮೊದಲು ಪ್ರಕಟವಾಗಿ 1587ರಲ್ಲಿ ವಿಸ್ತರಿಸಲ್ಪಟ್ಟ ತನ್ನ ಇಂಗ್ಲೆಂಡಿನ ವರ್ಣನೆಯಲ್ಲಿ, ಊರಿನ ವೃದ್ಧರು ತಮ್ಮ ಜೀವಮಾನದಲ್ಲಿ ಬೆರಗುಗೊಳಿಸುವಷ್ಟು ಬದಲಾದುವೆಂದು ಹೇಳಿದ ಮೂರು ಸಂಗತಿಗಳನ್ನು ದಾಖಲಿಸಿದ್ದಾನೆ. ಮೊದಲನೆಯದು ಮನೆಮನೆಗೂ ಎದ್ದ ಹೊಗೆಗೂಡು. ಎರಡನೆಯದು ಮಲಗುವ ಹಾಸಿಗೆ. ಮೂರನೆಯದು ಊಟದ ಪಾತ್ರೆ. ಹಿಂದೆ ಹುಲ್ಲಿನ ಚಾಪೆಯ ಮೇಲೆ ಮಲಗಿ ಮರದ ತುಂಡನ್ನು ದಿಂಬು ಮಾಡಿಕೊಳ್ಳುತ್ತಿದ್ದವರು ಈಗ ಗರಿ ತುಂಬಿದ ಹಾಸಿಗೆಗಳನ್ನು ಹೊಂದಿದ್ದರು. ಮರದ ತಟ್ಟೆಗಳು ಹೋಗಿ ತವರದ ಮಿಶ್ರಲೋಹವಾದ ಪ್ಯೂಟರಿನ ತಟ್ಟೆಗಳೂ, ಮರದ ಚಮಚಗಳು ಹೋಗಿ ಬೆಳ್ಳಿ ಅಥವಾ ತವರದ ಚಮಚಗಳೂ ಬಂದಿದ್ದುವು. ಹ್ಯಾರಿಸನ್ನನು ಹೇಳಿದುದಕ್ಕೆ ಮರಣಶಾಸನಗಳೇ ಸಾಕ್ಷಿ: ಹಾಸಿಗೆಯು ಅವುಗಳಲ್ಲಿ ಕೊಡುಗೆಗಳ ರಾಜನಂತೆ ಮೆರೆಯುತ್ತದೆ. ಹಾಸಿಗೆ ಎಂದರೆ ಮಂಚ, ಗರಿಯ ಮೆತ್ತೆ, ದಿಂಬು, ಕಂಬಳಿ, ಪರದೆ ಎಲ್ಲವೂ ಕೂಡಿದ ಒಂದು ಸಂಪತ್ತು. ರಿಚರ್ಡ್ ಹ್ಯಾಥವೇ ತನ್ನ ಮುಂಗೋಣೆಯಲ್ಲಿದ್ದ, ಬಡಗಿಯು ಕೀಲು ಕೂಡಿಸಿ ಮಾಡಿದ ಎರಡು ಮಂಚಗಳನ್ನು ಯಾರಿಗೂ ಕೊಡಲಿಲ್ಲ. ತನ್ನ ಹೆಂಡತಿ ವಿಧವೆಯಾಗಿ ಬಾಳುವ ಕಾಲದಲ್ಲಿಯೂ, ಬಾರ್ತೊಲೊಮ್ಯು, ಜಾನ್ ಎಂಬ ಮಕ್ಕಳ ಜೀವಮಾನದಲ್ಲಿಯೂ ಅವು ಇದ್ದೆಡೆಯಿಂದ ಕದಲದೆ ನಿಲ್ಲತಕ್ಕದ್ದೆಂದು ವಿಧಿಸಿದನು. ಹೊಲದಂತೆಯೇ ಮಂಚವೂ ಮನೆಗೆ ಸೇರಿದ್ದು, ವ್ಯಕ್ತಿಗಲ್ಲ ಎಂಬ ಭಾವನೆ ಇಲ್ಲಿದೆ. 1616ರಲ್ಲಿ ಅವನ ಅಳಿಯನು ತನ್ನ ಶಾಸನದಲ್ಲಿ ಹೆಂಡತಿಗೆ ಎರಡನೆಯ ಉತ್ತಮ ಹಾಸಿಗೆಯನ್ನು ಬರೆದುದನ್ನು ಕುರಿತು ಬಹಳ ವಿನೋದಗಳಾಗಿವೆ. ಷಾಟರಿಯ ಈ ಎರಡು ಮಂಚಗಳನ್ನು ನೆನೆದವರು ಅಂಥ ವಿನೋದಕ್ಕೆ ಅಷ್ಟು ಸುಲಭವಾಗಿ ಇಳಿಯಲಾರರು.

ಶಾಸನದ ಜೊತೆಗೆ ಸ್ವತ್ತಿನ ಪಟ್ಟಿಯೂ ಇರಬೇಕೆಂಬ ನಿಯಮವಿತ್ತು. ಸಾವಾದ ಕೆಲವು ದಿನಗಳಲ್ಲಿ ನೆರೆಯ ಇಬ್ಬರು ಮೂವರು ರೈತರು ಮನೆಗೆ ಬಂದು, ಕೋಣೆಯಿಂದ ಕೋಣೆಗೆ ನಡೆದು, ಬಳಿಕ ಕೊಟ್ಟಿಗೆ, ಕಣಜ, ಹೊಲಗಳನ್ನು ಸುತ್ತಿ, ಎಲ್ಲಕ್ಕೂ ಬೆಲೆ ಕಟ್ಟುತ್ತಿದ್ದರು. ಷೇಕ್ಸ್‌ಪಿಯರನ ಮಾತಾಮಹನಾದ ವಿಲ್ಮ್‌ಕೋಟಿನ ರಾಬರ್ಟ್ ಆರ್ಡನ್ ರಾಣಿಯು ಪಟ್ಟಕ್ಕೆ ಬರುವುದಕ್ಕೆ ಎರಡು ವರ್ಷ ಮುಂಚೆ, 1556ರಲ್ಲಿ, ತೀರಿಕೊಂಡಾಗ ಹೀಗೆ ಮಾಡಿದ ಪಟ್ಟಿ ಉಳಿದಿದೆ: ಎಂಟು ಎತ್ತುಗಳು, ಏಳು ಹಸುಗಳು, ಕುದುರೆಗಳು, ಐವತ್ತು ಕುರಿಗಳು, ಹಂದಿಗಳು, ಜೇನು, ಕೋಳಿಗಳು, ಗೋಡೆಯ ಮೇಲೆ ತೂಗುಹಾಕಿದ ಚಿತ್ರ ಬರೆದ ಬಟ್ಟೆಗಳು, ಒಟ್ಟು ಬೆಲೆ 77 ಪೌಂಡು 11 ಷಿಲಿಂಗು 10 ಪೆನ್ನಿ. ಹೆಚ್ಚಿನ ಬೆಲೆಯೆಲ್ಲ ಕೊಟ್ಟಿಗೆಯಲ್ಲಿಯೂ ಹೊಲದಲ್ಲಿಯೂ ಇತ್ತೇ ಹೊರತು ಮನೆಯೊಳಗಲ್ಲ. ಆರ್ಡನ್ ತನ್ನ ಕಿರಿಯ ಮಗಳು ಮೇರಿಗೆ ವಿಲ್ಮ್‌ಕೋಟಿನ ಭೂಮಿಯೊಂದನ್ನು ಕೊಡುವಾಗ, ಅದರ ಮೇಲೆ ಉತ್ತು ಬಿತ್ತಿದ್ದ ಪೈರನ್ನೂ ಮರೆಯದೆ ಹೇಳಿದನು. ಹೇಳದೆ ಹೋಗಿದ್ದರೆ ಹೊಲ ಮಗಳದಾಗಿ ಪೈರಿನ ವಿಷಯದಲ್ಲಿ ವ್ಯಾಜ್ಯ ಹುಟ್ಟುವ ಸಂಭವವಿದ್ದಿತು.

ಗಂಡನ ಮರಣಾನಂತರ ಹೆಂಡತಿಯ ಸ್ಥಿತಿಯೇನು ಎಂಬುದು ಈ ಪತ್ರಗಳಲ್ಲೆಲ್ಲ ಎದ್ದು ನಿಲ್ಲುವ ಪ್ರಶ್ನೆ. ವಿವಾಹಿತೆಯ ಚರಸ್ವತ್ತೆಲ್ಲವೂ ನ್ಯಾಯದೃಷ್ಟಿಯಲ್ಲಿ ಗಂಡನದೇ. ತವರಿನಿಂದ ತಂದ ಪೆಟ್ಟಿಗೆ, ಪಾತ್ರೆ ಮೊದಲಾದುವು ಸಹ ಅವನವು. ಆದುದರಿಂದ ಅವಳು ಮದುವೆಯಾದಾಗ ತಂದ ಸಾಮಾನುಗಳೆಲ್ಲ ಅವಳಿಗೆ ಸಲ್ಲಲಿ ಎಂದು ಗಂಡಂದಿರು ಬರೆದಿರುವ ವಾಕ್ಯಗಳನ್ನು ಓದಿದಾಗ ಮನಸ್ಸು ಕಲಕುತ್ತದೆ. ಅವಳದನ್ನೇ ಅವಳಿಗೆ ದಾನವಾಗಿ ಕೊಡಬೇಕಾಗಿದ್ದ ನ್ಯಾಯ ಅದು. ಗಂಡನ ಸ್ವಂತ ಭೂಮಿಯಲ್ಲಿ ಮೂರನೆಯ ಒಂದು ಭಾಗದ ಅನುಭೋಗವು ಜೀವಾವಧಿ ಅವಳಿಗೆ ನ್ಯಾಯವಾಗಿಯೇ ಸಲ್ಲುತ್ತಿತ್ತು. ಕಾಪಿಹೋಲ್ಡ್ ಭೂಮಿಯಲ್ಲಿ ರೂಢಿಯು ಕೊಟ್ಟಷ್ಟು. ಅನೇಕ ರೈತರು ಇದಕ್ಕಿಂತ ಹೆಚ್ಚನ್ನೇ ಕೊಟ್ಟರು, ಆದರೆ ಅವಳು ಮರುಮದುವೆಯಾಗದಿರುವವರೆಗೆ ಅಥವಾ ಹಿರಿಯ ಮಗನು ಪ್ರಾಪ್ತನಾಗುವವರೆಗೆ ಎಂಬ ಷರತ್ತಿನ ಮೇಲೆ. ಹೊಸ ಗಂಡನು ಬಂದು ಮಕ್ಕಳ ಹೊಲವನ್ನು ನುಂಗಿಯಾನೆಂಬ ಭಯ ಅದರ ಹಿಂದೆ ಇತ್ತು. ಆದರೂ ಎಳೆಯ ಮಕ್ಕಳ ಬಡ ವಿಧವೆಗೆ ಮರುಮದುವೆಯೇ ಅನೇಕ ವೇಳೆ ಬದುಕಿನ ದಾರಿಯಾಗಿದ್ದುದರಿಂದ, ಆ ಷರತ್ತು ಅವಳನ್ನು ಕಟ್ಟಿಹಾಕಿದ್ದೂ ನಿಜ.

ಮಗನ ಮನೆಯಲ್ಲಿ ಉಳಿಯುವ ತಾಯಿಗಾಗಿ ಬರೆದ ವಿವರಗಳಂತೂ ಹೃದಯಸ್ಪರ್ಶಿಯಾಗಿವೆ. ಅವಳಿಗೆ ಇಂಥ ಕೋಣೆ. ಒಲೆಯ ಬಳಿ ಕುಳಿತು ಬೆಂಕಿ ಕಾಯಿಸಿಕೊಳ್ಳಲು ಅಡ್ಡಿಯಿಲ್ಲದೆ ಹೋಗಿಬರುವ ಹಕ್ಕು. ವರ್ಷಕ್ಕೆ ಇಷ್ಟು ಬುಷೆಲ್ ಧಾನ್ಯ, ಇಷ್ಟು ಸೌದೆ. ಅವಳ ಹಸುವಿಗೆ ಮಗನೇ ಮೇವು ಹಾಕಬೇಕು. ಹಿತ್ತಿಲಿನ ಸೇಬಿನಲ್ಲಿ ಅವಳಿಗೂ ಪಾಲು. ಮಗನು ತಾಯಿಯನ್ನು ಒಲೆಯಿಂದ ಅಟ್ಟಿಯಾನೆಂದು ತಂದೆಗೆ ಸಂಶಯವಿತ್ತೆಂದೇ ಹೇಳಬೇಕಾಗಿಲ್ಲ. ಸೊಸೆ ಬರುತ್ತಾಳೆ, ಮೊಮ್ಮಕ್ಕಳು ಹುಟ್ಟುತ್ತಾರೆ, ಕೋಣೆಗಳು ಸಾಲದಾಗುತ್ತವೆ. ಆಗ ಮಾತಿಗೆ ಬದಲು ಬರಹವಿದ್ದರೆ ಮುದುಕಿಯು ಯಾರ ದಯೆಗೂ ಕೈಯೊಡ್ಡಬೇಕಾಗಿಲ್ಲ. ರಾಬರ್ಟ್ ಆರ್ಡನ್ನನ ಶಾಸನದಲ್ಲಿ ಇದೇ ಸಮಸ್ಯೆ ತಿರುಗುಮುರುಗಾಗಿದೆ. ಅವನ ಎರಡನೆಯ ಹೆಂಡತಿಯು ಮಲಮಗಳಾದ ಆಲಿಸಳಿಗೆ ಕಾಪಿಹೋಲ್ಡಿನ ಅರ್ಧವನ್ನು ನೆಮ್ಮದಿಯಿಂದ ಅನುಭವಿಸಲು ಬಿಟ್ಟರೆ 6 ಪೌಂಡು 13 ಷಿಲಿಂಗು 4 ಪೆನ್ನಿ. ಬಿಡದಿದ್ದರೆ ಅದರ ಅರ್ಧವಾದ 3 ಪೌಂಡು 6 ಷಿಲಿಂಗು 8 ಪೆನ್ನಿ, ಜೊತೆಗೆ ಸ್ನಿಟರ್‌ಫೀಲ್ಡಿನಲ್ಲಿ ಮೊದಲೇ ಗೊತ್ತಾಗಿದ್ದ ಜೀವನಾಂಶದ ಭೂಮಿ ಮಾತ್ರ. ತನ್ನ ಮನೆಯವರ ಸ್ವಭಾವವನ್ನು ಬಲ್ಲ ಮನುಷ್ಯನ ಮಾತು ಇದು.

ಶಾಸನಗಳ ಆರಂಭದಲ್ಲಿ ದೇವರ ನಾಮಸ್ಮರಣೆಯೂ ಆತ್ಮಸಮರ್ಪಣೆಯೂ ಬರುತ್ತವೆ. ಕ್ಯಾಥೊಲಿಕ್ ರಾಣಿ ಮೇರಿಯ ಕಾಲದವನಾದ ಆರ್ಡನ್ ತನ್ನ ಆತ್ಮವನ್ನು ದೇವರಿಗೂ, ಮಾತೆ ಮರಿಯಮ್ಮನಿಗೂ, ಸ್ವರ್ಗದ ಸಮಸ್ತ ಸಂತರಿಗೂ ಒಪ್ಪಿಸಿದನು. ಎಲಿಜಬೆತಳ ಆಳ್ವಿಕೆಯು ಮುಂದುವರಿದಂತೆ ಸಂತರು ಮರೆಯಾಗಿ, ಕ್ರಿಸ್ತನ ಪುಣ್ಯದಿಂದ ಮಾತ್ರ ಮುಕ್ತಿಯೆಂಬ ಮಾತು ನೆಲೆಗೊಳ್ಳುತ್ತದೆ. ಇದನ್ನು ಓದಿ ರೈತನ ಮತವಿಶ್ವಾಸವನ್ನು ನಿರ್ಣಯಿಸಲು ಹೊರಡುವವರಿಗೆ ಸ್ಪಫರ್ಡ್ ಎಚ್ಚರಿಕೆ ಕೊಟ್ಟಿದ್ದಾರೆ: ಒಬ್ಬನೇ ಬರಹಗಾರನು ಬರೆದ ಶಾಸನಗಳಲ್ಲಿ ಅನೇಕ ವೇಳೆ ಒಂದೇ ಒಕ್ಕಣೆ ಕಾಣಬರುತ್ತದೆ. ಊರ ಪಾದ್ರಿಯೋ, ಉಪಾಧ್ಯಾಯನೋ, ಅಕ್ಷರಬಲ್ಲ ನೆರೆಯವನೋ ಹಾಸಿಗೆಯ ಪಕ್ಕದಲ್ಲಿ ಕುಳಿತು ಬರೆಯುತ್ತಿದ್ದನು. ಪೀಠಿಕೆ ಅವನದು, ಹಸುಗಳ ಲೆಕ್ಕ ರೈತನದು.

ದೇವಾಲಯಕ್ಕೆ ಕೆಲವು ಪೆನ್ನಿ, ಬಡವರ ಹುಂಡಿಗೆ ಕೆಲವು, ಸೇತುವೆ ರಸ್ತೆಗಳ ದುರಸ್ತಿಗೆ ಕೆಲವು ಎಂಬ ಸಣ್ಣ ದಾನಗಳೂ ವಾಡಿಕೆಯಾಗಿದ್ದುವು. ದೀಕ್ಷಾಸ್ನಾನದಲ್ಲಿ ತಾನು ಧರ್ಮಪಿತನಾಗಿ ನಿಂತ ಪ್ರತಿಯೊಂದು ಮಗುವಿಗೂ ಹ್ಯಾಥವೇ ನಾಲ್ಕು ನಾಲ್ಕು ಪೆನ್ನಿ ಬಿಟ್ಟನು. ಥಾಮಸ್ ಹ್ಯಾಥವೇ ಎಂಬವನ ಇಬ್ಬರು ಹೆಣ್ಣುಮಕ್ಕಳಿಗೆ ಒಂದೊಂದು ಕುರಿ. ಬಳಿಕ ಸಾಲಗಳ ಪಟ್ಟಿ. ಅದರಲ್ಲಿ ತನ್ನ ಕುರಿಗಾಹಿಯಾದ ಥಾಮಸ್ ವಿಟಿಂಗ್ಟನ್ನನಿಗೆ 4 ಪೌಂಡು 6 ಷಿಲಿಂಗು 8 ಪೆನ್ನಿ ಕೊಡಬೇಕಾಗಿದೆಯೆಂದು ಬರೆಯಿಸಿದ್ದಾನೆ. ಬ್ಯಾಂಕುಗಳಿಲ್ಲದ ಕಾಲದಲ್ಲಿ ಆಳು ತನ್ನ ಸಂಬಳವನ್ನು ಯಜಮಾನನ ಬಳಿಯೇ ಬಿಟ್ಟಿಡುವುದು ಸಹಜವಾಗಿದ್ದಿತು. ಇಪ್ಪತ್ತು ವರ್ಷಗಳ ಬಳಿಕ, 1601ರಲ್ಲಿ, ಆ ವಿಟಿಂಗ್ಟನ್ ತಾನೂ ಒಂದು ಮರಣಶಾಸನವನ್ನು ಮಾಡಿ, ವಿಲಿಯಂ ಷೇಕ್ಸ್‌ಪಿಯರನ ಹೆಂಡತಿ ಆನಳ ಕೈಯಲ್ಲಿರುವ 40 ಷಿಲಿಂಗುಗಳನ್ನು ಸ್ಟ್ರ್ಯಾಟ್‌ಫರ್ಡಿನ ಬಡವರಿಗೆ ಬಿಟ್ಟನು. ತಂದೆಯನ್ನು ನಂಬಿದ್ದ ಆಳು ಮಗಳನ್ನೂ ನಂಬಿದ್ದನು. ಕುರಿ ಕಾಯುವವನಿಗೂ ಕೊಡತಕ್ಕದ್ದೊಂದು ಇತ್ತು, ಅದನ್ನು ತನಗಿಂತ ಬಡವರಿಗೆ ಕೊಡುವ ಮನಸ್ಸೂ ಇತ್ತು ಎಂಬುದನ್ನು ತಿಳಿಸುವ ಈ ಸಾಲನ್ನು ನಾನು ಆ ಯುಗದ ಅತ್ಯಂತ ಬೆಲೆಯುಳ್ಳ ಸಾಲುಗಳಲ್ಲಿ ಒಂದೆಂದು ಎಣಿಸುತ್ತೇನೆ.

ಬರೆದ ಶಾಸನವು ಸಿಂಧುವಾಗುತ್ತಿದ್ದುದು ಚರ್ಚಿನ ನ್ಯಾಯಸ್ಥಾನದಲ್ಲಿ. ಸಾಮಾನ್ಯ ರೈತನದು ಆರ್ಚ್‌ಡೀಕನ್ ಅಥವಾ ಬಿಷಪ್ಪನ ಕಟ್ಟೆಗೆ ಹೋಗುತ್ತಿತ್ತು. ಒಂದಕ್ಕಿಂತ ಹೆಚ್ಚು ಬಿಷಪ್ಪರ ವ್ಯಾಪ್ತಿಯಲ್ಲಿ ಸ್ವತ್ತಿದ್ದವರದು ಕ್ಯಾಂಟರ್ಬರಿಯ ಅಥವಾ ಯಾರ್ಕಿನ ಆರ್ಚ್‌ಬಿಷಪ್ಪನ ನ್ಯಾಯಸ್ಥಾನಕ್ಕೆ. ನಮ್ಮ ಕೋರ್ಟುಗಳಲ್ಲಿ ಇಂದಿಗೂ ಉಯಿಲಿಗೆ ಪ್ರೊಬೇಟು ಪಡೆಯುವ ಕ್ರಮವಿದೆಯಲ್ಲ, ಅದರ ಬೇರು ಬ್ರಿಟಿಷ್ ಆಳ್ವಿಕೆಯ ಮೂಲಕ ಆ ಚರ್ಚಿನ ಕಟ್ಟೆಗಳವರೆಗೂ ಹೋಗುತ್ತದೆ. ಹ್ಯಾಥವೇಯ ಪತ್ರವು 1582ರ ಜುಲೈ 9ರಂದು ಸಿಂಧುವಾಯಿತು. ಉಳಿದ ಸ್ವತ್ತೆಲ್ಲವನ್ನೂ ಪಡೆದು, ಸಾಲ ತೀರಿಸಿ, ಪಾಲುಗಳನ್ನು ಸಲ್ಲಿಸುವ ಹೊಣೆ ಹೆಂಡತಿ ಜೋನಳದು. ಮೇಲ್ವಿಚಾರಣೆಗೆ ನೆರೆಯವರಾದ ಸ್ಟೀಫನ್ ಬರ್ಮನ್ ಮತ್ತು ಫುಲ್ಕ್ ಸ್ಯಾಂಡಲ್ಸ್. ಅದೇ ವರ್ಷ ನವೆಂಬರ್ 28ರಂದು, ವಿಲಿಯಂ ಷೇಕ್ಸ್‌ಪಿಯರನ ಮದುವೆಗೆ ಅಡ್ಡಿಯಿಲ್ಲವೆಂದು 40 ಪೌಂಡುಗಳ ಜಾಮೀನುಪತ್ರಕ್ಕೆ ನಿಂತ ಇಬ್ಬರಲ್ಲಿ ಈ ಸ್ಯಾಂಡಲ್ಸನೂ ಒಬ್ಬನು. ಸತ್ತ ಸ್ನೇಹಿತನ ಮಗಳ ಪಾಲು ಮದುವೆಯ ದಿನವೇ ಸಲ್ಲಬೇಕಾಗಿದ್ದಿತು. ಆ ಹೊಣೆಯನ್ನು ನೆನೆದೇ ಅವನು ಅಲ್ಲಿಗೆ ಹೋದನೆಂದು ನಾನು ನಂಬುತ್ತೇನೆ.

ಜೋನ್ 1599ರಲ್ಲಿ ತೀರಿಕೊಂಡಳು. ಗಂಡನು ಸತ್ತ ಮೇಲೆ ಹದಿನೆಂಟು ವರ್ಷ ಬಾಳಿದಳು. ಬಾರ್ತೊಲೊಮ್ಯು ಆ ಒಕ್ಕಲನ್ನು ಕೈಬಿಡದೆ ನಡೆಸಿ, 1610ರಲ್ಲಿ ಮನೆಯನ್ನೂ ಭೂಮಿಯನ್ನೂ ಕ್ರಯಕ್ಕೆ ಕೊಂಡು ತನ್ನ ಸ್ವಂತದ್ದಾಗಿ ಮಾಡಿಕೊಂಡನು. ರೂಢಿಯು ಬಿಟ್ಟಷ್ಟನ್ನು ಮಾತ್ರ ತಂದೆಯು ಹಂಚಬಹುದಾಗಿದ್ದ ಆ ನೆಲವು, 1540ರ ಕಾಯಿದೆಯಂತೆ, ಮಗನು ತನ್ನ ಇಷ್ಟದಂತೆ ಬರೆದಿಡಬಹುದಾದ ಸ್ವತ್ತಾಯಿತು.